ಸಮುದಾಯ ಆಧಾರಿತ ಪ್ರವಾಸೋದ್ಯಮ: ಕುಮರಕಂ ನೀಡುವ ಪಾಠ

ಪ್ರವಾಸಿಗರು ಹೆಚ್ಚಿದಷ್ಟೂ ಊರಿನ ಆದಾಯ ಹೆಚ್ಚುತ್ತದೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ರೆಸಾರ್ಟಿನ ಅಡುಗೆಮನೆಗೆ ತರಕಾರಿ, ಹಾಲು, ಮೀನು ದೂರದ ಮಾರುಕಟ್ಟೆಯಿಂದ ಬಂದರೆ, ಸ್ಥಳೀಯರ ಪಾಲಿಗೆ ಉಳಿಯುವುದು ಕಸದ ರಾಶಿ ಮತ್ತು ನೀರಿನ ಅಭಾವ ಮಾತ್ರ.

ಕೇರಳದ ವೆಂಬನಾಡು ಸರೋವರದ ದಡದಲ್ಲಿರುವ ಕುಮರಕಂನಲ್ಲಿ 2008ರಲ್ಲಿ ಜವಾಬ್ದಾರಿಯುತ ಪ್ರವಾಸೋದ್ಯಮ ಯೋಜನೆ ಆರಂಭವಾಯಿತು. ಗ್ರಾಮ ಪಂಚಾಯಿತಿ, ಹೋಟೆಲುಗಳು ಹಾಗೂ ಕುಟುಂಬಶ್ರೀ ಮಹಿಳಾ ಗುಂಪುಗಳು ಇದರಲ್ಲಿ ಕೈಜೋಡಿಸಿದವು. ಪಾಳುಬಿದ್ದ ಜಮೀನಿನಲ್ಲಿ ಬೆಳೆದ ತರಕಾರಿಯನ್ನು ಹೋಟೆಲುಗಳು ನಿಗದಿತ ಬೆಲೆಗೆ ಖರೀದಿಸಿದವು. ತೆಂಗಿನ ನಾರು ಹೊಸೆಯುವುದು, ಚಾಪೆ ಹೆಣೆಯುವುದನ್ನು ತೋರಿಸುವ ಮನೆಗಳಿಗೂ ಆದಾಯ ದೊರೆಯಿತು. ಪ್ರವಾಸಿಗರಿಗೆ ತಾಜಾ ಆಹಾರದೊಂದಿಗೆ ಹಳ್ಳಿಯ ಬದುಕಿನ ಪರಿಚಯವೂ ಆಯಿತು.

ಕೊಡಗು, ಚಿಕ್ಕಮಗಳೂರು ಭಾಗದ ಹೋಂಸ್ಟೇಗಳಿಗೂ ಈ ಮಾದರಿ ಪ್ರಸ್ತುತ. ವಿಸ್ತರಣಾ ಕಾರ್ಯಕರ್ತರು ಮೊದಲು ಅಲ್ಲಿನ ಅಡುಗೆಮನೆಗಳ ವಾರದ ಖರೀದಿಯ ಪಟ್ಟಿ ತಯಾರಿಸಬೇಕು. ರೈತರು ಗುಂಪಾಗಿ ಬೆಲೆ, ಪ್ರಮಾಣ, ಗುಣಮಟ್ಟ ಕುರಿತು ಲಿಖಿತ ಒಪ್ಪಂದ ಮಾಡಿಕೊಂಡು, ಪೂರೈಕೆ ನಿಲ್ಲದಂತೆ ಹಂತ ಹಂತವಾಗಿ ಬಿತ್ತನೆ ಮಾಡಬೇಕು. ಮಳೆಗಾಲದಲ್ಲಿ ಪ್ರವಾಸಿಗರು ಕಡಿಮೆಯಾದಾಗ ಉಳಿಯುವ ಫಸಲಿಗೆ ಸ್ಥಳೀಯ ಸಂತೆಯ ದಾರಿ ತೆರೆದಿರಲಿ. ಪ್ರವಾಸೋದ್ಯಮವು ಕೃಷಿಗೆ ಪೂರಕವಾಗಬೇಕೇ ಹೊರತು ಪರ್ಯಾಯವಾಗಬಾರದು.