ಸಾಯದ ಸಿಗಡಿಯ ಲೆಕ್ಕ

ಹಳ್ಳದ ನೀರು ಕೆಟ್ಟಿತೇ ಎಂದು ತಿಳಿಯಲು ಸತ್ತ ಮೀನುಗಳನ್ನು ನೋಡುವುದು ವಾಡಿಕೆ. ಪ್ರಯೋಗಾಲಯದ ಕ್ರಮವೂ ಇದಕ್ಕಿಂತ ಬಹಳ ಭಿನ್ನವಲ್ಲ. ಏಡಿ-ಸಿಗಡಿಗಳ ವರ್ಗಕ್ಕೇ ಸೇರಿದ, ಚುಕ್ಕೆಯಷ್ಟು ಚಿಕ್ಕದಾದ ಡಾಫ್ನಿಯಾ ಎಂಬ ಜೀವಿಯನ್ನು 48 ಗಂಟೆಗಳ ಕಾಲ ರಾಸಾಯನಿಕ ಬೆರೆತ ನೀರಿನಲ್ಲಿರಿಸುತ್ತಾರೆ. ಬಳಿಕ ಪಾತ್ರೆಯನ್ನು ಮೆಲ್ಲನೆ ಅಲುಗಿಸಿ, 15 ಸೆಕೆಂಡುಗಳೊಳಗೆ ಈಜಲಾರದವುಗಳನ್ನು ಎಣಿಸುತ್ತಾರೆ. ಈಜಿದವೆಲ್ಲ ಕ್ಷೇಮವೆಂದೇ ಲೆಕ್ಕ! 21 ದಿನಗಳ ಇನ್ನೊಂದು ಪರೀಕ್ಷೆಯಿದೆ. ಅಲ್ಲಿ ಮುಖ್ಯವಾಗಿ ಎಣಿಕೆಯಾಗುವುದು ಮರಿಗಳು. ಬದುಕುಳಿದ ಜೀವಿಗೆ ವಾಸನೆ ತಿಳಿಯುತ್ತಿದೆಯೇ ಎಂದು ಕೇಳುವವರಿಲ್ಲ.

ಈ ಪ್ರಶ್ನೆ ಕ್ಷುಲ್ಲಕವಲ್ಲ. ಸಿಗಡಿಗೆ ಎರಡು ಜೊತೆ ಮೀಸೆಗಳು. ಉದ್ದನೆಯವು ಮುಖ್ಯವಾಗಿ ತಡವಿ ನೋಡಲು. ಗಿಡ್ಡ ಮೀಸೆಗಳ ಮೇಲೆ ತೆಳು ಪೊರೆಯ ಸೂಕ್ಷ್ಮ ರೋಮಗಳ ಸಾಲಿದೆ. ಅದೇ ಅದರ ಮೂಗು. ಸಮುದ್ರದ ಮುಳ್ಳು ಲಾಬ್‌ಸ್ಟರ್‌ಗಳ ಬಗ್ಗೆ 2001ರಲ್ಲಿ ಪ್ರಕಟವಾದ ಅಧ್ಯಯನವು ಈ ಮೂಗಿನ ಕೆಲಸವನ್ನು ಸ್ಪಷ್ಟಪಡಿಸಿತು. ಮೀಸೆಯನ್ನು ರಭಸದಿಂದ ಕೆಳಗೆ ಬೀಸಿದಾಗ ರೋಮಗಳ ನಡುವೆ ಹೊಸ ನೀರು ನುಗ್ಗುತ್ತದೆ. ನಿಧಾನವಾಗಿ ಹಿಂದಕ್ಕೆ ತರುವಾಗ ಆ ನೀರು ಅಲ್ಲಿಯೇ ಸಿಕ್ಕಿಕೊಳ್ಳುತ್ತದೆ. ಪ್ರತಿಯೊಂದು ಬೀಸೂ ಒಂದೊಂದು ಉಸಿರಿನಂತೆ. ಆಹಾರ, ಸಂಗಾತಿ, ಶತ್ರು ಎಲ್ಲದರ ಸುಳಿವೂ ಹೀಗೆಯೇ ದೊರಕುತ್ತದೆ.

ಕರಗಿದ ತಾಮ್ರ ಕೆಡಿಸುವುದು ಈ ಇಂದ್ರಿಯವನ್ನೇ. ಸಿಹಿನೀರಿನ ಕ್ರೇಫಿಶ್‌ಗಳು ಕೊಲ್ಲುವಷ್ಟಿಲ್ಲದ ತಾಮ್ರದ ಪ್ರಮಾಣದಲ್ಲಿಯೂ ಆಹಾರದ ವಾಸನೆಗೆ ಸರಿಯಾಗಿ ಸ್ಪಂದಿಸಲಿಲ್ಲವೆಂದು ಅಮೆರಿಕದ ಸಂಶೋಧಕರು 2000ದಲ್ಲಿ ವರದಿ ಮಾಡಿದರು. ಕೊಳೆತ ಎಲೆಗಳ ಸಾರ ಬೆರೆತ ನೀರಿನಲ್ಲಿ ತಾಮ್ರದ ತೀಕ್ಷ್ಣತೆ ತಗ್ಗುತ್ತದೆ, ನಿಜ. ಆದರೆ ಸುಣ್ಣದಂಶ ಕಡಿಮೆಯಿರುವ ಮೆದು ನೀರಿನಲ್ಲಿ ಅದು ಏರುತ್ತದೆ. ಮಲೆನಾಡಿನ ಹಳ್ಳಗಳಲ್ಲಿ ಹರಿಯುವುದು ಸಾಮಾನ್ಯವಾಗಿ ಮೆದು ನೀರೇ.

ಅಡಿಕೆಯ ಕೊಳೆರೋಗಕ್ಕೆ ಲೆಸ್ಲಿ ಕೋಲ್ಮನ್ ಮೈಸೂರು ಸಂಸ್ಥಾನದಲ್ಲಿ ಪ್ರಚುರಪಡಿಸಿದ ಬೋರ್ಡೋ ದ್ರಾವಣವು ನೂರು ವರ್ಷಗಳಿಂದ ತೋಟಗಳನ್ನು ಕಾದಿದೆ. ಅದನ್ನು ಕೈಬಿಡಿರೆಂದು ಬೆಳೆಗಾರನಿಗೆ ಹೇಳುವುದು ಅನ್ಯಾಯ. ಆದರೆ 100 ಲೀಟರ್ ನೀರಿಗೆ 1 ಕಿಲೋ ಮೈಲುತುತ್ತ ಮತ್ತು 1 ಕಿಲೋ ಸುಣ್ಣ ಬೆರೆಸುವ ಕೆಲಸ ಹಳ್ಳದ ದಂಡೆಯಲ್ಲಿಯೇ ಆಗಬೇಕೆಂದಿಲ್ಲ. ಪೀಪಾಯಿ, ಪಂಪು ತೊಳೆದ ನೀರನ್ನು ಹಳ್ಳಕ್ಕೆ ಚೆಲ್ಲುವುದಂತೂ ನಿಲ್ಲಲೇಬೇಕು. ಕೊನೆಗೆ ಕೊಟ್ಟೆ ಕಟ್ಟುವ ಹಳೆಯ ಕ್ರಮ ಸಾಧ್ಯವಿರುವಲ್ಲಿ ಸಿಂಪಡಣೆಯ ಪ್ರಮಾಣವನ್ನೇ ತಗ್ಗಿಸಬಹುದು. ಇತ್ತ, ತಾಮ್ರದ ಸುರಕ್ಷಿತ ಮಿತಿಯನ್ನು ನಿಗದಿ ಮಾಡುವವರು ಹೆಣಗಳ ಜೊತೆಗೆ ಮೀಸೆಗಳ ಬೀಸನ್ನೂ ಎಣಿಸತೊಡಗಬೇಕು.