ಡಬ್ಬಿ ಮಾತಾಡಿದರೆ ನಂಬುತ್ತೀರಿ, ಹುಡುಗ ಮಾತಾಡಿದರೆ?

ಗಲ್ಲಾಪೆಟ್ಟಿಗೆ ಪಕ್ಕದ ಡಬ್ಬಿ 'ಐವತ್ತು ರೂಪಾಯಿ ಬಂದಿದೆ' ಅಂತ ಕೂಗಿದರೆ ಸಾಕು, ನಮ್ಮ ಅಂಗಡಿ ಯಜಮಾನರು ಗಿರಾಕಿಯ ಮುಖ ನೋಡದೆ ಸಾಮಾನು ಕೊಟ್ಟುಬಿಡುತ್ತಾರೆ. ಸಿಟಿ ಬಸ್ ಕಂಡಕ್ಟರ್ ಟಿಕೆಟ್ ಹರಿಯುವುದೂ ಗುಂಡಿ ಒತ್ತಿಯೇ. ಆದರೆ ಹದಿನಾಲ್ಕರ ಹುಡುಗನೊಬ್ಬ ಟ್ಯಾಬ್ ಮೇಲಿನ ಚಿತ್ರ ಒತ್ತಿ, 'ಬಿಸ್ಕತ್ತು ಕೊಡಿ' ಎಂದು ಅದರಿಂದ ಹೇಳಿಸಿದರೆ? 'ಮೊಬೈಲ್ ಹುಚ್ಚು, ಪಾಪ' ಎನ್ನುತ್ತೇವೆ.

ಹುಚ್ಚಲ್ಲ ಸ್ವಾಮಿ, ಅದು ಆ ಹುಡುಗನ ನಾಲಿಗೆ.

ಆಟಿಸಂ ಇರುವವರೆಲ್ಲ ಮಾತು ಬಾರದವರಲ್ಲ. ಕೆಲವರು ಅರಳು ಹುರಿದಂತೆ ಮಾತಾಡುತ್ತಾರೆ. ಕೆಲವರಿಗೆ ಮಾತು ಹೊರಡುವುದೇ ಇಲ್ಲ. ಇನ್ನು ಕೆಲವರಿಗೆ ಬಸ್ ಸ್ಟ್ಯಾಂಡಿನಂಥ ಗದ್ದಲದಲ್ಲಿ ಇದ್ದ ಮಾತೂ ನಿಂತುಹೋಗುತ್ತದೆ. ಇಂಥವರಿಗೆ ಹಿಂದೆ ಚಿತ್ರದ ಕಾರ್ಡುಗಳಿದ್ದವು, ಈಗ ಅವೇ ಟ್ಯಾಬ್ ಒಳಗೆ ಸೇರಿಕೊಂಡು ಮಾತಾಡುತ್ತಿವೆ. ಚೆನ್ನೈನ ಅಜಿತ್ ನಾರಾಯಣನ್ 2010ರ ಸುಮಾರಿಗೆ 'ಆವಾಜ್' ತಂದರು. ಮುಂಬಯಿ ಐಐಟಿಯ 'ಜೆಲ್ಲೋ' ಪುಕ್ಕಟೆಯಾಗಿಯೇ ಸಿಗುತ್ತದೆ.

ಇದನ್ನು ಕೊಟ್ಟರೆ ಬರುವ ಮಾತೂ ನಿಂತೀತು ಅಂತ ಮನೆ ಹಿರಿಯರಿಗೆ ಭಯ. ಅಮೆರಿಕದ ಮೂವರು ಸಂಶೋಧಕರು 2006ರಲ್ಲಿ ಹಳೆಯ ಅಧ್ಯಯನಗಳನ್ನು ಜಾಲಾಡಿದರು. ಸನ್ನೆ, ಚಿತ್ರ, ಯಂತ್ರಗಳ ನೆರವು ಪಡೆದವರಲ್ಲಿ ಗಟ್ಟಿ ಪುರಾವೆಯಿದ್ದದ್ದು 27 ಜನರ ವಿಷಯದಲ್ಲಿ. ಅವರಲ್ಲಿ ಒಬ್ಬರ ಮಾತೂ ಕುಗ್ಗಿರಲಿಲ್ಲ, ಹೆಚ್ಚಿನವರದು ಅಷ್ಟಿಷ್ಟು ಬೆಳೆದಿತ್ತು.

ಹಾಗಂತ ಟ್ಯಾಬ್ ಕೈಗಿತ್ತು ಕಾರ್ಟೂನ್ ಹಾಕಿ ಕೂರಿಸಿದರೆ ಏನೂ ಆಗದು. ಅಮ್ಮನೂ ಮೇಷ್ಟ್ರೂ ತಾವೇ ಚಿತ್ರ ಒತ್ತಿ ಒತ್ತಿ ಮಾತಾಡಿ ತೋರಿಸಬೇಕು. 'ಅನ್ನ', 'ನೀರು' ಮಾತ್ರ ಸಾಲದು. 'ಬೇಡ', 'ನೋಯ್ತಿದೆ', 'ಬಿಟ್ಬಿಡಿ' ಕೂಡ ಅದರಲ್ಲಿರಬೇಕು. ಬೇಡ ಅನ್ನಲು ದಾರಿಯಿಲ್ಲದ ಮಗು ಕಿರುಚುತ್ತದೆ, ಆಗ ನಾವು ಹಟಮಾರಿ ಅಂತೀವಿ.

ಮೈಸೂರಿನವರಿಗೆ ಇದು ದೂರದ ವಿಷಯವಲ್ಲ. 1965ರಲ್ಲಿ ಶುರುವಾದ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮಾನಸಗಂಗೋತ್ರಿಯಲ್ಲೇ ಇದೆ. ಕಾನೂನೂ ಇದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಆಟಿಸಂ ಅನ್ನು ಪಟ್ಟಿಗೆ ಸೇರಿಸಿದ್ದಲ್ಲದೆ, ಇಂಥ ಬದಲಿ ಸಂವಹನವನ್ನು ಶಾಲೆಗಳಲ್ಲಿ ಬೆಳೆಸಬೇಕೆಂದೂ ಹೇಳುತ್ತದೆ. ಹೀಗಿರುವಾಗ 'ಮೊಬೈಲ್ ನಿಷಿದ್ಧ' ಅಂತ ಯಾವುದಾದರೂ ಶಾಲೆ ಟ್ಯಾಬ್ ಕಸಿದು ಬೀರುವಿನಲ್ಲಿಟ್ಟರೆ ಅದು ಶಿಸ್ತಲ್ಲ, ಬಾಯಿಗೆ ಬಟ್ಟೆ ತುರುಕಿದ ಹಾಗೆ. ಡಿಡಿಪಿಐ ಸಾಹೇಬರು ಒಂದು ಸುತ್ತೋಲೆ ಹೊರಡಿಸಲಿ, ಖಜಾನೆಗೆ ಖರ್ಚೇನೂ ಇಲ್ಲ. ಸಾರಿಗೆ ಸಂಸ್ಥೆಯವರು ಕಂಡಕ್ಟರುಗಳಿಗೂ ಒಂದು ಮಾತು ಹೇಳಲಿ.

ಅಂಗಡಿಯವರೇ, ಚಿತ್ರ ಹುಡುಕಲು ಹುಡುಗನಿಗೆ ಕೊಂಚ ಹೊತ್ತು ಬೇಕು, ಹಿಂದಿನವರು ಗೊಣಗಿಕೊಳ್ಳಲಿ ಬಿಡಿ. 'ಅವನಿಗೇನು ಬೇಕಂತೆ?' ಎಂದು ತಾಯಿಯನ್ನು ಕೇಳಬೇಡಿ. ಅವನನ್ನೇ ಕೇಳಿ, ಚಿಲ್ಲರೆಯನ್ನೂ ಅವನ ಕೈಗೇ ಕೊಡಿ.