ಹೊಸೂರಿನ ಎರಡು ಚಕ್ರಕ್ಕೆ ಹೊಳೆಯ ದಾರಿ

ಟಿವಿಎಸ್ 50 ಮೊಪೆಡ್ 1980ರಲ್ಲಿ ಹೊರಬಿದ್ದದ್ದು ಹೊಸೂರಿನ ಕಾರ್ಖಾನೆಯಿಂದ. ಅದೇ ವರ್ಷ ಅಶೋಕ್ ಲೇಲ್ಯಾಂಡ್ ಕೂಡ ಇಲ್ಲಿ ಲಾರಿ ಕಟ್ಟಲು ಶುರುಮಾಡಿತು. ಈಚೆಗೆ ಏಥರ್ ಹೊಸೂರಿಗೆ, ಓಲಾ ಅದೇ ಕೃಷ್ಣಗಿರಿ ಜಿಲ್ಲೆಯ ಪೋಚಂಪಳ್ಳಿಗೆ ಬಂದು ವಿದ್ಯುತ್ ಸ್ಕೂಟರ್ ತಯಾರಿಸುತ್ತಿವೆ. ದೇಶಕ್ಕೆಲ್ಲ ಇಷ್ಟೊಂದು ಚಕ್ರ ಕಳಿಸುವ ಜಿಲ್ಲೆಯಲ್ಲಿ ಇಂಜಿನ್ನಿಲ್ಲದ ಎರಡು ಚಕ್ರಕ್ಕೆ ಉಳಿದಿರುವುದು ಹೆದ್ದಾರಿಯ ಬಿಳಿ ಗೆರೆಯಾಚೆಯ ಮೊಳದಗಲದ ಜಾಗ. ಅಲ್ಲೂ ಒಡೆದ ಗಾಜು, ಲಾರಿ ಟೈರಿನ ಚೂರು.

ಹಾಗಾಗಿ ಇಲ್ಲಿನ ಸೈಕಲ್ ಹವ್ಯಾಸಿಗಳಿಗೆ ಚೆಂದದ ಸವಾರಿ ಎಂದರೆ ಕರಾವಳಿಯೇ ನೆನಪಾಗುತ್ತದೆ. ಅಘನಾಶಿನಿಯ ಅಳಿವೆ, ತದಡಿಯ ದೋಣಿ, ಮಿರ್ಜಾನ್ ಕೋಟೆ. ಆಸೆ ತಪ್ಪಲ್ಲ. ಕೊನೆತನಕ ಅಣೆಕಟ್ಟಿಲ್ಲದೆ ಹರಿಯುವ ಆ ನದಿಯ ಅಳಿವೆಗೆ 2024ರ ಜನವರಿಯಲ್ಲಿ ರಾಮ್ಸಾರ್ ಪಟ್ಟಿಯಲ್ಲೂ ಜಾಗ ಸಿಕ್ಕಿತು. ಆದರೆ ಹೊಸೂರಿನಿಂದ ಕುಮಟಾಕ್ಕೆ ರಾತ್ರಿಯಿಡೀ ಬಸ್ಸಿನಲ್ಲಿ ಕೂರಬೇಕು, ಸೈಕಲ್ಲನ್ನು ಬಿಚ್ಚಿ ಕಟ್ಟಬೇಕು. ಅಷ್ಟು ಪಾಡುಪಡುವವರ ಮನೆಯಿಂದ ಗಂಟೆಯೊಳಗಿನ ದೂರದಲ್ಲೇ ಇನ್ನೊಂದು ನದಿ ತನ್ನ ಅಳಿವೆಯತ್ತ ಹೊರಟಿರುತ್ತದೆ.

ಅದು ದಕ್ಷಿಣ ಪಿನಾಕಿನಿ. ನಂದಿ ಬೆಟ್ಟದ ಸೀಮೆಯಲ್ಲಿ ಹುಟ್ಟಿ, ಹೊಸಕೋಟೆಯನ್ನು ದಾಟಿ ತಮಿಳುನಾಡಿಗೆ ಇಳಿಯುತ್ತದೆ. ಅಲ್ಲಿಂದ ಮುಂದೆ ತೆನ್‌ಪೆಣ್ಣೈ ಎನಿಸಿಕೊಂಡು ಹೊಸೂರಿನ ಬಳಿಯ ಕೆಲವರಪಳ್ಳಿ, ಕೃಷ್ಣಗಿರಿ, ಸಾತನೂರು ಅಣೆಕಟ್ಟುಗಳಲ್ಲಿ ಒಂದೊಂದಾಗಿ ತಂಗಿ, ಕಡಲೂರಿನ ಹತ್ತಿರ ಬಂಗಾಳ ಕೊಲ್ಲಿಯನ್ನು ಸೇರುತ್ತದೆ. ಆ ಅಳಿವೆ ಹೊಸೂರಿನಿಂದ ಇನ್ನೂರು ಕಿಲೋಮೀಟರಿಗೂ ಆಚೆ, ಒಂದು ಹಗಲಿನ ಸವಾರಿಗೆ ಎಟುಕದು. ಎಟುಕುವುದು ಮೊದಲ ಎರಡು ಅಣೆಕಟ್ಟುಗಳ ನಡುವಿನ ತುಂಡು. ಹೊಸೂರಿನ ಸವಾರರು ಹೆದ್ದಾರಿ ಬಿಟ್ಟು ಈ ನೀರಿನ ಜಾಡು ಹಿಡಿಯಬೇಕು, ಆಡಳಿತ ಆ ಜಾಡನ್ನು ಸೈಕಲ್ಲಿಗೆ ತೆರೆದುಕೊಡಬೇಕು ಎಂಬುದು ಈ ಬರಹದ ವಾದ.

ಯೋಜನೆ ಹಾಕುವವರು ಮೊದಲು ಲೆಕ್ಕ ಹಿಡಿಯಬೇಕಾದದ್ದು ದೂರವನ್ನಲ್ಲ, ಎತ್ತರವನ್ನು. ಹೊಸೂರಿನಿಂದ ಕೃಷ್ಣಗಿರಿಗೆ ಹೆದ್ದಾರಿಯಲ್ಲಿ ಸುಮಾರು 50 ಕಿಲೋಮೀಟರ್. ಆದರೆ ಹೊಸೂರು ಬೆಂಗಳೂರಿನ ಪ್ರಸ್ಥಭೂಮಿಯ ಅಂಚಿನಲ್ಲಿದೆ, ಕೃಷ್ಣಗಿರಿ ಅದಕ್ಕಿಂತ ಸುಮಾರು 400 ಮೀಟರ್ ತಗ್ಗಿನಲ್ಲಿ. ಸಾಲದ್ದಕ್ಕೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಬೆನ್ನಿಗೆ ಬೀಸುತ್ತದೆ. ಹೋಗುವಾಗ ಎಲ್ಲರೂ ಶೂರರೇ. ಮಧ್ಯಾಹ್ನ ತಿರುಗಿ ಹೊರಟಾಗ ಅದೇ ಗಾಳಿ ಎದೆಗೆ, ಅದೇ ಇಳಿಜಾರು ಏರು, ಮೇಲೆ ಕೃಷ್ಣಗಿರಿಯ ಬಿಸಿಲು. ಪಳಗಿದವರು ಅದಕ್ಕೇ ಇದನ್ನು ಒಂದೇ ದಿಕ್ಕಿನ ಸವಾರಿಯಾಗಿ ನೋಡುತ್ತಾರೆ: ಇಳಿಯುವುದು ಸೈಕಲ್ಲಿನಲ್ಲಿ, ಏರುವುದು ಬೇರೆ ಗಾಡಿಯಲ್ಲಿ.

ಬೇರೆ ಗಾಡಿ ಎಂದರೆ ಯಾವುದು? ರೈಲು ಆಗದು. ಜಿಲ್ಲಾ ಕೇಂದ್ರವಾದರೂ ಕೃಷ್ಣಗಿರಿಗೆ ಇವತ್ತು ರೈಲಿಲ್ಲ. ಹಿಂದೆ ಇತ್ತು ಎಂಬುದೇ ಸೋಜಿಗ. 1905ರಲ್ಲಿ ತಿರುಪತ್ತೂರಿನಿಂದ ಕೃಷ್ಣಗಿರಿಗೆ ಸಣ್ಣ ಗೇಜಿನ ರೈಲು ಬಂತು. ಮೊರಪ್ಪೂರಿನಿಂದ ಧರ್ಮಪುರಿಗೆ ಹಾಕಿದ್ದ ಇನ್ನೊಂದು ಸಣ್ಣ ಹಳಿ 1913ರಲ್ಲಿ ಹೊಸೂರು ಮುಟ್ಟಿತು. 1941ರ ಹೊತ್ತಿಗೆ ಎರಡೂ ನಿಂತಿದ್ದವು. ಈಗ ಉಳಿದಿರುವುದು ಬಸ್ಸು. ಸೈಕಲ್ ಹತ್ತಿಸುವುದು ಬಿಡುವುದು ಕಂಡಕ್ಟರರ ಮರ್ಜಿ. ಬೆಂಗಳೂರಿನ ಹೊರವರ್ತುಲ ರಸ್ತೆಯ ಕೆಲವು ಬಿಎಂಟಿಸಿ ಬಸ್ಸುಗಳ ಮೂತಿಗೆ ಸೈಕಲ್ ಸಿಕ್ಕಿಸುವ ಕಂಬಿ ಹಾಕಿದ್ದುಂಟು. ಅಂಥದ್ದನ್ನು ಹೊಸೂರು–ಕೃಷ್ಣಗಿರಿ ನಡುವೆ ಓಡುವ ಬಸ್ಸುಗಳಲ್ಲಿ ಬೆರಳೆಣಿಕೆಯಷ್ಟಕ್ಕೆ ಹಾಕಿದರೂ ಈ ಸವಾರಿಯ ಅರ್ಧ ತಲೆನೋವು ಕಳೆಯುತ್ತದೆ.

ಇನ್ನು ಹೊತ್ತು. ಕರಾವಳಿಯಲ್ಲಿ ಉಬ್ಬರ ಇಳಿತ ನೋಡಿ ಹೊರಡುವಂತೆ ಇಲ್ಲಿ ಎರಡು ಸಂಗತಿ ನೋಡಿ ಹೊರಡಬೇಕು, ಅಣೆಕಟ್ಟಿನ ಗೇಟು ಮತ್ತು ಆನೆ.

ಗೇಟಿನದು ತಮಾಷೆಯಲ್ಲ. ಕೆಲವರಪಳ್ಳಿಯ ಪೂರ್ಣಮಟ್ಟ 44.28 ಅಡಿ, ಕೃಷ್ಣಗಿರಿಯದು 52 ಅಡಿ. ಮೇಲೆ ಬೆಂಗಳೂರಿನಲ್ಲಿ ಜೋರು ಮಳೆ ಹೊಯ್ದರೆ ಎರಡೂ ಬೇಗನೆ ತುಂಬುತ್ತವೆ, ನೀರು ಬಿಡುತ್ತಾರೆ, ಕೆಳಗಿನ ನೆಲಸೇತುವೆಗಳು ಮುಳುಗುತ್ತವೆ. 2017ರ ನವೆಂಬರ್‌ನಲ್ಲಿ ಕೃಷ್ಣಗಿರಿ ಅಣೆಕಟ್ಟಿನ ಒಂದು ಗೇಟು ಮುರಿದೇ ಹೋಯಿತು. 2024ರ ಡಿಸೆಂಬರ್ ಆರಂಭದಲ್ಲಿ ಫೆಂಗಲ್ ಚಂಡಮಾರುತದ ಮಳೆ ಇದೇ ಜಿಲ್ಲೆಯ ಊತ್ತಂಗರೆಯಲ್ಲಿ ಒಂದೇ ದಿನ ಸುಮಾರು 50 ಸೆಂಟಿಮೀಟರ್ ಸುರಿದು, ನಿಲ್ಲಿಸಿದ್ದ ವಾಹನಗಳನ್ನೇ ಕೊಚ್ಚಿಕೊಂಡು ಹೋಯಿತು. ಹಿಂಗಾರಿನ ದಿನಗಳಲ್ಲಿ ಹವಾಮಾನ ಇಲಾಖೆಯ ಸೂಚನೆ ನೋಡದೆ ಹೊಳೆಯ ದಡಕ್ಕೆ ಹೊರಡುವುದು ಮೂರ್ಖತನ.

ಆನೆಯ ಕತೆ ಬೇರೆ. ರಾಗಿ ಕೊಯ್ಲಿನ ಹೊತ್ತಿಗೆ ಬನ್ನೇರುಘಟ್ಟ ಮತ್ತು ಕಾವೇರಿ ಉತ್ತರ ವನ್ಯಧಾಮದ ಕಡೆಯಿಂದ ಹಿಂಡುಗಳು ಹೊಸೂರು, ಶೂಲಗಿರಿಗಳತ್ತ ಬರುತ್ತವೆ. ಸಾನಮಾವು ಕಾಡಿನಲ್ಲಿ ಬೀಡುಬಿಟ್ಟು ರಾತ್ರಿ ಹೆದ್ದಾರಿ ದಾಟುತ್ತವೆ. ಬೇಸಿಗೆಯಲ್ಲಿ ಬೆಳಗಿನ ಐದೂವರೆಗೆ ಹೊರಡುವುದು ಜಾಣತನ. ಚಳಿಗಾಲದಲ್ಲಿ ಅದೇ ಅಪಾಯ. ಆಗ ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಟು, ಸಂಜೆಗೆ ಮುಂಚೆ ಕಾಡಿನ ಸೆರಗು ಬಿಟ್ಟಿರಬೇಕು.

ಇಷ್ಟೆಲ್ಲ ಎಚ್ಚರ ಹೇಳಿದ ಮೇಲೆ ಸಿಗುವುದೇನು ಎಂದೂ ಹೇಳಬೇಕಲ್ಲ. ಕೆಲವರಪಳ್ಳಿಯ ಹಿನ್ನೀರಿನ ಮೇಲೆ ಬೆಳಗಿನ ಕೊಕ್ಕರೆಗಳು, ರಾಗಿ ಹೊಲ, ಗುಲಾಬಿ ಬೆಳೆಯುವ ಪ್ಲಾಸ್ಟಿಕ್ ಮನೆಗಳು. ಹೊಸೂರಿನ ಹತ್ತಿರದ ತೊರಪಳ್ಳಿಯಲ್ಲಿ 1878ರಲ್ಲಿ ರಾಜಾಜಿ ಹುಟ್ಟಿದ ಮನೆಯನ್ನು ಸ್ಮಾರಕವಾಗಿ ಉಳಿಸಿದ್ದಾರೆ. ಮಕ್ಕಳನ್ನು ಕರೆದುಕೊಂಡು ಹೊರಟವರು ಅಷ್ಟಕ್ಕೇ ತಿರುಗಿದರೂ ನಷ್ಟವಿಲ್ಲ. ಮುಂದೆ ಹೋದವರಿಗೆ ಶೂಲಗಿರಿಯ ಚೂಪು ಬಂಡೆಗಳು ಬಹಳ ಹೊತ್ತು ಜೊತೆಗಿರುತ್ತವೆ. ಈ ಸೀಮೆಯ ಕುಂದಾಣಿ 13ನೇ ಶತಮಾನದ ಕೊನೆಯಲ್ಲಿ ಹೊಯ್ಸಳ ರಾಮನಾಥನ ರಾಜಧಾನಿ. ಬೇಲೂರು, ಹಳೇಬೀಡು ಎಂದೊಡನೆ ಮುಗಿದುಹೋಗುವ ಹೊಯ್ಸಳರ ನೆನಪಿಗೆ ಇಂಥ ಮೂಲೆಗಳನ್ನೂ ಸೇರಿಸಿಕೊಳ್ಳಬಹುದು. ತಗ್ಗಿಗೆ ಇಳಿದಂತೆ ಮಾವಿನ ತೋಪುಗಳು, ಕೊನೆಗೆ 1950ರ ದಶಕದಲ್ಲಿ ಕಟ್ಟಿದ ಕೃಷ್ಣಗಿರಿ ಅಣೆಕಟ್ಟು, ಅದರ ಬಳಿ ಬಿಸಿಬಿಸಿ ಕರಿದ ಮೀನು.

ಆದರೆ ಕೆಲವರಪಳ್ಳಿಯ ಚಿತ್ರದಲ್ಲಿ ಒಂದು ಬಣ್ಣ ಬಿಟ್ಟುಹೋಗಿದೆ, ಬಿಳಿ ನೊರೆ. ಬೆಳ್ಳಂದೂರು, ವರ್ತೂರು ಕೆರೆಗಳಿಂದ ಹೊರಬೀಳುವ ಕೊಳಕು ನೀರು ಪಿನಾಕಿನಿಯನ್ನೇ ಸೇರುತ್ತದೆ. ಅದರಲ್ಲಿನ ಸೋಪು, ರಾಸಾಯನಿಕ ಅಣೆಕಟ್ಟಿನ ಗೇಟಿನಿಂದ ಧುಮುಕಿದಾಗ ನೊರೆಯಾಗಿ ಎದ್ದು, ಗಾಳಿಗೆ ಹಾರಿ ದಾರಿಗೂ ಹೊಲಕ್ಕೂ ಬೀಳುತ್ತದೆ. ಈ ಅಣೆಕಟ್ಟನ್ನು ನಂಬಿದ ಸುಮಾರು 8,000 ಎಕರೆಗೆ ಹರಿಯುವುದೂ ಇದೇ ನೀರು. ಪಿನಾಕಿನಿಯ ಉಪನದಿ ಮಾರ್ಕಂಡೇಯಕ್ಕೆ ಯರಗೋಳ್‌ನಲ್ಲಿ ಕಟ್ಟಿದ ಅಣೆಕಟ್ಟಿನ ವಿಚಾರಕ್ಕೆ ಕರ್ನಾಟಕ, ತಮಿಳುನಾಡು ಎರಡೂ ಸುಪ್ರೀಂ ಕೋರ್ಟಿನವರೆಗೆ ಹೋದವು. ನೀರಿನ ಪ್ರಮಾಣದ ಬಗ್ಗೆ ಇರುವ ಆ ಹಠ ನೀರಿನ ಗುಣದ ಬಗ್ಗೆ ಇಲ್ಲ. ಭಾನುವಾರ ಬೆಂಗಳೂರಿನಿಂದ ಸೈಕಲ್ ತುಳಿದು ಬರುವವರು ಕೆಲವರಪಳ್ಳಿಯಲ್ಲಿ ಮೂಗು ಮುಚ್ಚಿಕೊಂಡು ಮುಂದೆ ಸಾಗುವ ಮುನ್ನ, ಅದು ತಮ್ಮ ಬಚ್ಚಲಿನಿಂದಲೇ ಹೊರಟ ನೀರು ಎಂದು ನೆನೆದು ಬೆಂಗಳೂರು ಜಲಮಂಡಳಿಗೆ ನಾಲ್ಕು ಸಾಲು ಬರೆದರೆ ಒಳ್ಳೆಯದು.

ಹೊಟ್ಟೆ ತುಂಬಿದವರ ಶೋಕಿಗೆ ಸರ್ಕಾರ ದಾರಿ ಮಾಡಬೇಕೇ ಎಂಬ ಪ್ರಶ್ನೆ ಬಂದೇ ಬರುತ್ತದೆ. ಅದಕ್ಕೆ ಉತ್ತರ ಸರ್ಕಾರದ ಬಳಿಯೇ ಇದೆ. ತಮಿಳುನಾಡು ತನ್ನ ಸರ್ಕಾರಿ ಶಾಲೆಗಳ ಹನ್ನೊಂದನೇ ತರಗತಿಯ ಮಕ್ಕಳಿಗೆ ವರ್ಷವರ್ಷವೂ ಉಚಿತವಾಗಿ ಸೈಕಲ್ ಕೊಡುತ್ತದೆ. ಹಳ್ಳಿಯ ಹುಡುಗಿಯೊಬ್ಬಳು ಆ ಸೈಕಲ್ ಹತ್ತಿ ಶಾಲೆಗೆ ಹೊರಟರೆ ಕಲ್ಲಿನ ಟಿಪ್ಪರ್, ಕಾರ್ಖಾನೆಯ ಬಸ್ಸುಗಳ ನಡುವೆ ನುಸುಳಬೇಕು. ಕೆಲವರಪಳ್ಳಿಯಿಂದ ಎಡಕ್ಕೂ ಬಲಕ್ಕೂ ಕಾಲುವೆಗಳು ಹೊರಡುತ್ತವೆ. ಅವುಗಳ ಏರಿ ಮೊದಲೇ ಸರ್ಕಾರದ್ದು, ಭೂಸ್ವಾಧೀನದ ರಗಳೆಯಿಲ್ಲ. ಟಯರಿಗೆ ಚುಚ್ಚುವ ಬಳ್ಳಾರಿ ಜಾಲಿಯನ್ನು ಕಡಿಸಿ, ಮೊರಂ ಹಾಸಿ, ದಾಟುವ ಕಡೆ ಬೈಕ್ ನುಗ್ಗದಂತೆ ಕಲ್ಲು ನೆಟ್ಟು, ಹೊಂಗೆಯ ಸಸಿ ಹಾಕಿದರೆ ವಾರದ ದಿನ ಶಾಲೆಯ ಮಕ್ಕಳು, ಭಾನುವಾರ ಸವಾರರು ಓಡಾಡುತ್ತಾರೆ. 2019ರಿಂದ ಮಹಾನಗರ ಪಾಲಿಕೆಯಾಗಿರುವ ಹೊಸೂರು ಜಲಸಂಪನ್ಮೂಲ ಇಲಾಖೆಯ ಜೊತೆ ಕೂತು, ಅಣೆಕಟ್ಟಿನಿಂದ ಮೊದಲ ಹತ್ತು ಕಿಲೋಮೀಟರನ್ನಾದರೂ ಮುಂದಿನ ಮಾವಿನ ಹಂಗಾಮಿನೊಳಗೆ ಮಾಡಿ ತೋರಿಸಬಹುದು.